ಪೆಟ್ಟಿಗೆ ರಿಪೇರಿಯವನ ಭಾನುವಾರ

ನನಗೆ ಮರ ಗೊತ್ತು, ಒಳಗಿನಿಂದ.
ನಲವತ್ತು ವರ್ಷ ಹಂಪನಕಟ್ಟೆಯ ಮಹಡಿಯೊಂದರಲ್ಲಿ
ಹಾರ್ಮೋನಿಯಂಗಳ ಹೊಟ್ಟೆ ಬಿಚ್ಚಿ ಕೂತವನು.
ಸಾಗುವಾನಿ ಹಲಗೆಗೆ ಮೂಗು ತಾಗಿಸಿದರೆ ಸಾಕು,
ಎಷ್ಟು ಮಳೆಗಾಲ ಕುಡಿದಿದೆ, ಹೇಳಬಲ್ಲೆ.
ಆದರೆ ಎಲೆ?
ಎಲೆಯಿರುವ ಮರ
ಅಂಗಡಿ ಬಿಟ್ಟು ಬೇರೆಲ್ಲೋ ಎದುರಾದ ಗಿರಾಕಿಯ ಹಾಗೆ:
ಕಂಡ ಮುಖವೇ, ಹೆಸರು ಮಾತ್ರ ಬಾಯಿಗೆ ಬಾರದು.

ಇದನ್ನೊಮ್ಮೆ ಜೆಸಿಂತಾ ಬಾಯಿಯ ಹತ್ತಿರ ಹೇಳಿಬಿಟ್ಟೆ.
ಮ್ಯಾಂಡೊಲಿನ್ನಿನ ಬಿರಡೆ ಬಿಗಿಮಾಡಿಸಲು ಬಂದಿದ್ದರು,
ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು.
ಕನ್ನಡಕದ ಮೇಲಿಂದ ನೋಡಿದರು.
"ಭಾನುವಾರ, ಆರೂವರೆ. ಚಪ್ಪಲಿ ಬೇಡ, ಶೂ."

ಹೀಗೆ ಶುರುವಾದದ್ದು.

ವಾಮಂಜೂರಿನಲ್ಲಿ ಬಸ್ಸಿಳಿದು
ಬಿಟ್ಟುಹೋದ ಕೆಂಪುಕಲ್ಲಿನ ಕ್ವಾರಿ ದಾಟಿದರೆ ಕುರುಚಲು ಕಾಡು.
ಕಾಡೆಂದರೆ ಅಂಥ ಕಾಡೇನಲ್ಲ;
ಹುಲಿಯ ಮಾತು ಬಿಡಿ, ನವಿಲಿಗೇ ಗರಿಬಿಚ್ಚಲು ಇಕ್ಕಟ್ಟು.
ಮುರಕಲ್ಲಿನ ಪದವು, ಪ್ಯಾಂಟು ಹಿಡಿದೆಳೆವ ಚೂರಿಮುಳ್ಳು,
ಅಲ್ಲೊಂದು ಇಲ್ಲೊಂದು ಕೇಪುಳದ ಕೆಂಪು.
ಮುಂದೆ ಬಾಯಿ. ಅವರ ಹಿಂದೆ
ಸಿಟಿ ಬಸ್ಸಿನ ಹಳೇ ಕಂಡಕ್ಟರ್ ಹಸನಬ್ಬ,
ಆಮೇಲೆ ಮದ್ದಳೆಯನ್ನು ಕೂಸಿನಂತೆ ಬೆನ್ನಿಗೆ ಕಟ್ಟಿಕೊಂಡ ಉಗ್ಗಪ್ಪ.
ಕಟ್ಟಕಡೆಗೆ ನಾನು, ಏದುಸಿರು ಬಿಡುತ್ತ,
ತಿದಿ ಹರಿದ ಪೆಟ್ಟಿಗೆಯ ಹಾಗೆ.

"ಇದು ಪಾಲೆ.
ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕಷಾಯ ಕುಡಿದು
ಮುಖ ಕಿವುಚುತ್ತೀರಲ್ಲ, ಅದೇ. ಕಲ್ಲಿನಿಂದ ಜಜ್ಜಿದ ಗಾಯ ನೋಡಿ,
ವರ್ಷಕ್ಕೊಂದು.
ಇದು ಕಾಸರಕ. ಇದರ ಹತ್ತಿರ ಸಲಿಗೆ ಬೇಡ."
ನಾನು ತೊಗಟೆಗೆ ಬೆರಳ ಗಂಟಿನಿಂದ ತಟ್ಟುತ್ತೇನೆ,
ಅಭ್ಯಾಸಬಲ. ಒಳಗೆ ಯಾರೂ ಉತ್ತರ ಕೊಡುವುದಿಲ್ಲ;
ಹಸಿ ಮರ ಶ್ರುತಿ ಹೇಳುವುದಿಲ್ಲ,
ಅದಕ್ಕಿನ್ನೂ ಬೇರೆ ಕೆಲಸವಿದೆ.

ಒಂದು ಹಲಸಿನೆದುರು ಉಗ್ಗಪ್ಪ ನಿಂತ.
ಮದ್ದಳೆ ಇಳಿಸಿ ಬುಡಕ್ಕೆ ಒರಗಿಸಿದ.
"ಇದರದ್ದೇ ಜಾತಿ. ಸ್ವಲ್ಪ ಮಾತಾಡಿಕೊಳ್ಳಲಿ" ಅಂದ.
ನಾವು ಆ ಕಡೆ ತಿರುಗಿ ನೀರು ಕುಡಿದೆವು.

ಮೇಲಿನ ಬಂಡೆಯಲ್ಲಿ ಕೂತು ಶುರುಮಾಡಿದ್ದು ಏನೆಂದು ಕೇಳಬೇಡಿ.
ಬಾಯಿ ಒಂದು ಮದುವೆಯ ಮಟ್ಟು ಹಿಡಿದರು,
ಉಗ್ಗಪ್ಪ ಬೇರಾವುದೋ ರಂಗಸ್ಥಳಕ್ಕೆ ಹೊರಟ.
ಹಸನಬ್ಬನ ಬಳಿ ವಾದ್ಯವಿಲ್ಲ,
ಇಪ್ಪತ್ತೆಂಟು ವರ್ಷ ಫುಟ್‌ಬೋರ್ಡಿನಲ್ಲಿ ಒರಗಿದ ಗಂಟಲೊಂದೇ:
ನಂತೂರ್ ನಂತೂರ್ ಬಿಕರ್ನಕಟ್ಟೆ
ಕುಲಶೇಖರ ಕುಡುಪು ಕುಡುಪು...
ನೋಡುತ್ತಿದ್ದಂತೆ ಮದ್ದಳೆ ಬಸ್ಸು ಹತ್ತಿತು,
ಮ್ಯಾಂಡೊಲಿನ್ ಓಡಿಬಂದು ಕಂಬಿ ಹಿಡಿಯಿತು.

ನಾನು ನುಡಿಸುವವನಲ್ಲ.
ಬೇರೆಯವರ ಸ್ವರ ಸರಿಮಾಡಿ ಕಳಿಸುವವನು.
ಬಾಯಿ ಕೈಚಾಚಿ ಒಂದು ಎಲೆ ಕಿತ್ತುಕೊಟ್ಟರು.
"ಇದರ ಹೆಸರು?"
"ಮೊದಲು ಊದಿ. ಹೆಸರು ಆಮೇಲೆ."

ಎರಡು ಹೆಬ್ಬೆರಳ ನಡುವೆ ಎಲೆ ಬಿಗಿಹಿಡಿದು ಊದಿದೆ.
ಉಸಿರು. ಎಂಜಲು. ಮತ್ತೆ ಉಸಿರು.
ಆಮೇಲೆ, ಅಯ್ಯೋ,
ಕರುವೊಂದು ಹಟ್ಟಿಯಲ್ಲಿ ಎದ್ದ ಹಾಗೆ ಒಂದು ಕೂಗು!
ರೀಡು. ಇದೂ ರೀಡೇ,
ಹಿತ್ತಾಳೆಯಲ್ಲ, ಅರ ಹಾಕಿದ್ದಲ್ಲ, ಬೆಳಿಗ್ಗೆಯಷ್ಟೇ ಮರದಲ್ಲಿದ್ದದ್ದು.
ಷಡ್ಜಕ್ಕಿಂತ ಕೂದಲೆಳೆಯಷ್ಟು ಕೆಳಗೆ.
ನಲವತ್ತು ವರ್ಷದ ಕಿವಿ ತಟ್ಟನೆ ನೆಟ್ಟಗಾಯಿತು.
ಇರಲಿ ಬಿಡು, ಅಂದೆ ಅದಕ್ಕೆ.
ಕಣ್ಣಲ್ಲಿ ನೀರು ಬರುವಷ್ಟು ಊದಿದೆ,
ನಗು ಬಂದು ಎಲೆ ಹರಿಯಿತು,
ಇನ್ನೊಂದು ಕಿತ್ತೆ.

ಹೆಸರು ಕೇಳುವುದು ಮರೆತೇ ಹೋಯಿತು.

ಹಿಂದಿರುಗುವ ಬಸ್ಸಿನಲ್ಲಿ ಒಂದೇ ಸೀಟು, ಅದು ಮದ್ದಳೆಗೆ.
ಹೊಸ ಕಂಡಕ್ಟರ್ ಹುಡುಗ ಲಗೇಜು ಚಾರ್ಜು ಕೇಳಿದ.
ಹಸನಬ್ಬ ಎದೆಯುಬ್ಬಿಸಿ ಅಡ್ಡ ನಿಂತ:
"ಲಗೇಜಲ್ಲ ಮಾರಾಯ,
ಅದು ತವರಿಗೆ ಹೋಗಿ ಬಂದದ್ದು.
ಹೂಂ, ರೈಟ್ ಪೋಯಿ!"