ಚಿಲ್ಲರೆಗೆ ಬದಲಿ

ಅಂದುಞ್ಞಿಯ ಗುಜರಿ ಅಂಗಡಿಯಲ್ಲಿ
ಮೊದಲು ಅಯಸ್ಕಾಂತ.
ಅಂಟಿದರೆ ಕಬ್ಬಿಣ, ಹೊರಗಿನ ರಾಶಿಗೆ.
ಅಂಟದಿದ್ದರೆ ತಾಮ್ರವೋ ಹಿತ್ತಾಳೆಯೋ,
ಒಳಕೋಣೆ, ಬೀಗ.
ಲೆಕ್ಕ ಬರೆಯುವವಳು ನಾನು,
ಹನ್ನೊಂದು ವರ್ಷದಿಂದ, ಕುಂಬಳೆ ಸ್ಟೇಷನ್ನಿನ ಹಿಂದೆ.

ಟ್ರಂಕು ಬಂದದ್ದು ಮೊಗ್ರಾಲಿನಿಂದ.
ಯಾರದೋ ಮುತ್ತಜ್ಜ, ಹಡಗಿನ ಖಲಾಸಿ,
ಬಾಯ್ಲರಿಗೆ ಕಲ್ಲಿದ್ದಲು ತಳ್ಳುತ್ತ ಲೋಕ ಸುತ್ತಿದವನು.
ಕೊಡವಿದಾಗ ಅಂಗಿಯ ಗುಂಡಿ ಒಂದು, ಜಿರಲೆ ಮೊಟ್ಟೆ ಎರಡು,
ಆಮೇಲೆ ಇದು:
ಎಂಟು ಮೂಲೆಯ ನಾಣ್ಯ.
ಟಣ್ಣೆಂದು ಹಾರಿ ಅಯಸ್ಕಾಂತಕ್ಕೆ ಕೂತಿತು.
'ಹಳೇ ದುಡ್ಡು ಅಂಟಬಾರದಲ್ಲಾ'
ಅಂದುಞ್ಞಿಗೆ ಮೋಸ ಹೋದ ಮುಖ.

ಸಂಜೆಯ ಬಸ್ಸಿನಲ್ಲಿ ನರ್ಸ್ ಜಿನ್ಸಿ,
ಡ್ಯೂಟಿ ಮುಗಿಸಿ ಕಾಸರಗೋಡಿಗೆ, ಜರ್ಮನ್ ಕ್ಲಾಸಿಗೆ.
ನಾಡಿ ಹಿಡಿದ ಹಾಗೆ ಹಿಡಿದಳು ನಾಣ್ಯವನ್ನು.
'ಯುದ್ಧ, ಚೇಚೀ. ತಾಮ್ರವೆಲ್ಲ ತೋಟಾಗಳಿಗೆ ಹೋಯಿತು,
ಊರೂರೇ ತನ್ನ ಕಾಸು ತಾನೇ ಒತ್ತಿಕೊಂಡಿತು.
ಇಲ್ಲಿದೆ ನೋಡಿ: ಚಿಲ್ಲರೆಗೆ ಬದಲಿ.'
ಅವಳು ಹೇಳಿದ್ದು ಮಲಯಾಳದಲ್ಲಿ,
ನಾನು ಕೇಳಿಸಿಕೊಂಡದ್ದು ಕನ್ನಡದಲ್ಲಿ,
ನಡುವೆ ಒಮ್ಮೆ ತುಳುವಿನಲ್ಲಿ ಬೆರಗಾದೆ.
ಊರ ಹೆಸರನ್ನು ತುಕ್ಕು ತಿಂದಿದೆ.
ಮುಂದಿನ ರೇವಿನಲ್ಲಿ ರೊಟ್ಟಿಯವಳು ತಲೆಯಾಡಿಸಿರಬೇಕು,
ಇಲ್ಲದಿದ್ದರೆ ಇದೇಕೆ ಮೊಗ್ರಾಲಿಗೆ ಬರುತ್ತಿತ್ತು?

ನಮ್ಮಲ್ಲೂ ಇತ್ತು. ಅಜ್ಜಿ ದೂಮಕ್ಕ ಹೇಳಿದ್ದು.
ಜಪಾನಿನ ಯುದ್ಧದ ವರ್ಷ ಪೇಟೆಯಲ್ಲಿ ಕಾಸಿಲ್ಲ.
ಉಪ್ಪು ಬೆಲ್ಲದ ವಾಮನ ಶೆಣೈ
ಹಂಚಿನ ಚೂರು ದುಂಡಗೆ ಉಜ್ಜಿ
ಗೇರುಬೀಜದ ಸೊನೆಯಲ್ಲಿ 'ವಾ' ಎಂದು ಬರೆದು
ಚಿಲ್ಲರೆಯಾಗಿ ಕೊಟ್ಟ.
ಮೀನಿನವಳು ಸೆರಗಿಗೆ ಕಟ್ಟಿಕೊಂಡಳು,
ಕ್ಷೌರದವನು ಪೆಟ್ಟಿಗೆಗೆ ಹಾಕಿದ.
ದೋಣಿಯವನೊಬ್ಬ ಒಲ್ಲೆನೆಂದ:
ಆಚೆ ದಡದಲ್ಲಿ 'ವಾ' ಯಾರಿಗೆ ಗೊತ್ತು?

ಒಂಬತ್ತು ವರ್ಷದ ದೂಮಕ್ಕ
ಒಗೆಯುವ ಕಲ್ಲಿಗೆ ಹಂಚು ಉಜ್ಜಿ ಉಜ್ಜಿ
ತಾನೂ ಒಂದು ಮಾಡಿದಳು.
ಅಕ್ಷರ ಬಾರದವಳ 'ವಾ', ಇಳಿ ತಪ್ಪಿ ಎಡಕ್ಕೆ ಬಾಗಿತ್ತು.
ಶೆಣೈ ನೋಡಿದ. ಅವಳನ್ನೂ ನೋಡಿದ.
ಬೆಲ್ಲ ಕೊಟ್ಟ.

ಯುದ್ಧ ಮುಗಿದು ಕಾಸು ಬಂದಾಗ
ಎಲ್ಲರ ಹಂಚನ್ನೂ ತಿರುಗಿ ಪಡೆದ, ಒಂದಕ್ಕೊಂದು.
ಕೊನೆಗೆ ದೂಮಕ್ಕನನ್ನು ಕರೆದು ಅವಳದ್ದನ್ನು ಮುಂದಿಟ್ಟ:
'ಇದರ ಮಾಲೀಕಳು ನೀನು. ಬೆಲ್ಲದ ಬಾಕಿ ನಿನ್ನದು.
ದುಡ್ಡು ಬೇಡ. ನೆಟ್ಟಗೆ ಬರೆ.'
ಅಕ್ಕಿಹಿಟ್ಟಿನ ಧೂಳಿದ್ದ ಹಲಗೆಯ ಮೇಲೆ
ಕತ್ತಲಾಗುವ ತನಕ ಬರೆದಳು.

ಜನ್ಮದಲ್ಲಿ ಅವಳು ಕಲಿತದ್ದು ಅದೊಂದೇ ಅಕ್ಷರ.
ಗಡಿ ಅತ್ತ ಸರಿದು ನಾವು ಇತ್ತ ಉಳಿದ ಮೇಲೆ
ರೇಷನ್ ಕಚೇರಿಯ ಮಲಯಾಳ ಫಾರಮ್ಮಿಗೆ
ಹೆಬ್ಬೆಟ್ಟು ಒತ್ತಲೊಲ್ಲದೆ 'ವಾ' ಎಂದು ಬರೆದಳು.
ಇದೇನು ಬರೆದದ್ದು, ಗುಮಾಸ್ತ ಕೇಳಿದ.
'ವಾ' ಅಂದಳು ಗಟ್ಟಿಯಾಗಿ.
ತನ್ನನ್ನು ಕರೆದಳೆಂದುಕೊಂಡು
ಪಾಪ, ಕುರ್ಚಿ ಬಿಟ್ಟು ಎದ್ದು ಬಂದ.

ಅಂದುಞ್ಞಿಯ ತಕ್ಕಡಿಯಲ್ಲಿ ನಾಣ್ಯ ಸೊನ್ನೆ ತೂಗಿತ್ತು.
'ಇದಕ್ಕೆ ಬಿಲ್ಲು ಬೇಡ, ತಗೊಂಡು ಹೋಗು.'
ಕಂಡಕ್ಟರನ ಚೀಲದಲ್ಲಿ ಇವತ್ತೂ ಚಿಲ್ಲರೆಯಿಲ್ಲ.
ಟಿಕೆಟಿನ ಬೆನ್ನಿಗೆ ಗೀಚಿಕೊಟ್ಟ: ಬಾಕಿ ಮೂರು.
ಅವನು ಬರೆದದ್ದು ಅವನೇ ಓದಬೇಕು,
ಈ ಬಸ್ಸಿನೊಳಗೇ, ನಾನು ಇಳಿಯುವ ಮೊದಲೇ.

ಚೌಕಿ ಬಂತು. ಇಳಿದೆ.
ಎರಡೂ ಮುಷ್ಟಿಯಲ್ಲೇ ಇವೆ.