ಕಾಲು ಸುತ್ತು

ಕ್ಯಾಪೆಲಿನ್ ಮೀನು ದಡಕ್ಕೆ ಬಿದ್ದು ಮೂರು ದಿನ.
ಅದರ ಬೆನ್ನಿಗೇ ಕಾಡ್ ಮೀನು, ಗ್ಯಾನೆಟ್ ಟಿಕಲ್‌ನಲ್ಲಿ
ಕೂಸಿಗೂ ಗೊತ್ತಿರುವ ಮಾತು.
ನಮ್ಮ ದೋಣಿ ಮಾತ್ರ ಕಟ್ಟೆಗೆ ಕಟ್ಟಿಕೊಂಡೇ ಕೂತಿದೆ,
ಇಂಜಿನ್ನಿಗೆ ಉಸಿರು ನಿಲ್ಲುತ್ತಿಲ್ಲ.

ಒಂದೇ ಸಿಲಿಂಡರಿನ ಮುದಿ ಜೀವ.
ಗಾಲಿ ತಿರುವಿದರೆ ಒಮ್ಮೆ ಟಕ್ಕೆಂದು,
ಬುಡದ ಸಂದಿಯಿಂದ ಪುಸ್ಸೆಂದು ಎಣ್ಣೆಗುಳ್ಳೆ ಉಗುಳಿ
ಸುಮ್ಮನಾಗುತ್ತದೆ.
ಹೊಸ ಗ್ಯಾಸ್ಕೆಟ್ ಬೇಕೆಂದರೆ ಸೇಂಟ್ ಜಾನ್ಸ್‌ಗೆ ಕಾಗದ ಬರೆಯಬೇಕು,
ನ್ಯೂಫೌಂಡ್‌ಲ್ಯಾಂಡಿನ ಈ ಮೂಲೆಗೆ ಹಡಗು ಬರಬೇಕು.
ಹದಿನೈದು ದಿನ. ಮೀನು ಕಾಯುತ್ತದೆಯೇ?

ದೋಣಿ ಇಬ್ಬರದು. ನನ್ನ ಗಂಡ ಲೆಮ್ಯುಯೆಲ್, ಅವನಣ್ಣ ಅಜರಾಯ.
ಮಾತು ಬಿಟ್ಟು ಹನ್ನೊಂದು ವರ್ಷ.
ಕಾರಣ ಕೇಳಬೇಡಿ, ಯಾವುದೋ ಬಲೆಯ ವಿಷಯ,
ಈಗ ಅವರಿಗೂ ಸರಿಯಾಗಿ ನೆನಪಿರಲಿಕ್ಕಿಲ್ಲ.
ನೀರಿನ ಮೇಲೆ ಅವರ ನಡುವೆ ಇಂಜಿನ್ನಿನ ಸದ್ದು,
ಮನೆಯಲ್ಲಿ ನಾನು:
‘ನಿನ್ನ ಭಾವನಿಗೆ ಹೇಳು.’
‘ನಿನ್ನ ಗಂಡನಿಗೆ ಹೇಳು.’

ರಟ್ಟು ಬೇಕಂತೆ. ಓಟ್ಸ್ ಡಬ್ಬದ್ದು ತೆಳು,
ಬಿಸ್ಕತ್ತಿನದು ನೆನೆದು ಬೂಸ್ಟು ಹಿಡಿದಿದೆ.
ಇಬ್ಬರೂ ಒಂದೇ ಸಲಕ್ಕೆ ಕಪಾಟಿನ ನೆತ್ತಿಗೆ ಕಣ್ಣಿಟ್ಟರು,
ನನ್ನ ಮದುವೆ ಟೋಪಿಯ ಪೆಟ್ಟಿಗೆ.
ಹನ್ನೊಂದು ವರ್ಷದಲ್ಲಿ ಅವರ ಒಮ್ಮತ ಅದೊಂದೇ.
ಟೋಪಿ ತೆಗೆದು ಹಿಟ್ಟಿನ ಪೀಪಾಯಿಯ ಮೇಲಿಟ್ಟೆ.
ನನಗಿಂತ ಪೀಪಾಯಿಗೇ ಹೆಚ್ಚು ಒಪ್ಪಿತು.

ಕತ್ತರಿ ಇಲ್ಲ, ಅಳತೆಪಟ್ಟಿ ಇಲ್ಲ.
ಕಳಚಿದ ಸಿಲಿಂಡರನ್ನು ಅಡುಗೆಮೇಜಿನ ಮೇಲೆ ತಲೆಕೆಳಗು ಮಾಡಿ
ಅದರ ಮೇಲೆ ರಟ್ಟು ಹಾಸಿ ಲೆಮ್ಯುಯೆಲ್ ಒತ್ತಿ ಹಿಡಿದ.
ಬೋಲ್ಟಿನ ನಾಲ್ಕು ತೂತು ಮೊದಲು, ರಟ್ಟು ಜಾರಬಾರದಲ್ಲ,
ಅದಕ್ಕೆ ಸೀಲ್ ಬೇಟೆಯ ಖಾಲಿ ತೋಟಾ, ಬಾಯಿ ಅರದಿಂದ ಮಸೆದದ್ದು.
ಆಮೇಲೆ ಅಜರಾಯ ಸುತ್ತಿಗೆಯ ಗುಂಡುತಲೆಯಿಂದ
ಅಂಚಿನುದ್ದಕ್ಕೂ ತಟ್ಟುತ್ತ ಹೋದ,
ಟಿಪ್ ಟಿಪ್ ಟಿಪ್,
ಮಲಗಲೊಲ್ಲದ ಮಗುವಿನ ಬೆನ್ನು ತಟ್ಟುವಷ್ಟೇ.
ಕತ್ತರಿಸುವುದು ಸುತ್ತಿಗೆಯಲ್ಲ, ಕಬ್ಬಿಣದ ಅಂಚು.
ತನಗೆ ಬೇಡದ್ದನ್ನು ಅದೇ ಕೊರೆದು ಉದುರಿಸುತ್ತದೆ.
ಸುತ್ತಿಗೆ ಲೆಮ್ಯುಯೆಲನ ಹೆಬ್ಬೆರಳಿಗೆ ಕೂದಲೆಳೆ ದೂರದಲ್ಲಿ
ಹಾದುಹೋಗುತ್ತಿತ್ತು.
ಅವನು ಬೆರಳು ಸರಿಸಲಿಲ್ಲ.
ದೀಪ ಹಿಡಿದ ನಾನು ಉಸಿರು ಬಿಡಲಿಲ್ಲ.

ಉದುರಿದ ಬಿಲ್ಲೆಗಳನ್ನು ಹೆಕ್ಕಿ ನನ್ನ ಮಗಳು ಟ್ರೈಫೀನಾ
ಬೆಕ್ಕಿಗೆ ತಿಂಗಳ ಸಂಬಳ ಕೊಟ್ಟಳು.
ಪೆಟ್ಟಿಗೆಯ ತಳದಲ್ಲಿದ್ದ ಅಂಗಡಿಯ ಅಚ್ಚು
‘ಹೆಂಗಸರ ಉತ್ತಮ’ ಎಂಬಷ್ಟು ಉಳಿದಿತ್ತು.
ಉತ್ತಮವೇನೆಂಬುದು ತೂತಿನೊಡನೆ ಹೋಗಿತ್ತು.
ಅದರ ಮೇಲೆಯೇ ಅಗಸೆ ಎಣ್ಣೆ ಸವರಿದರು.

ಬೆಳಗ್ಗೆ ದೋಣಿಯಲ್ಲಿ ಕೂರಿಸುವಾಗ
ನಾನೂ ಕಟ್ಟೆಯ ಮೇಲಿದ್ದೆ, ಚಹಾ ಹಿಡಿದು.
ಒಂದು ನಟ್ಟು ಇಲ್ಲಿ, ಮುಂದಿನದು ಎದುರು ಮೂಲೆಯಲ್ಲಿ,
ಹಾಗೆ ಸ್ವಲ್ಪ ಸ್ವಲ್ಪವೇ.
ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ,
ಅತಿ ಬಿಗಿದರೆ ರಟ್ಟು ನಜ್ಜುಗುಜ್ಜು.
ನನಗೆ ಯಾರೂ ಕಲಿಸಬೇಕಾಗಿಲ್ಲ.
ಲೆಮ್ಯುಯೆಲ್ ಸ್ಪ್ಯಾನರಿಗೆ ಮೈಭಾರವೆಲ್ಲ ಹಾಕುವವ.
ಎಲ್ಲದಕ್ಕೂ ಹಾಗೆಯೇ.
ನಾಲ್ಕನೆಯ ನಟ್ಟಿಗೆ ಬಂದಾಗ
ಅಜರಾಯ ಸಮುದ್ರಕ್ಕೆ ಮುಖ ಮಾಡಿಕೊಂಡು ಅಂದ:
‘ಇನ್ನು ಕಾಲು ಸುತ್ತು. ಸಾಕು.’

‘ಅವನಿಗೆ ಹೇಳು’ ಎನ್ನಲಿಲ್ಲ.

ಲೆಮ್ಯುಯೆಲ್ ಕಾಲು ಸುತ್ತು ತಿರುವಿದ.
ಕೈ ಒರೆಸಿಕೊಂಡ. ಎಷ್ಟೋ ಹೊತ್ತಿನ ಮೇಲೆ
‘ಗೊತ್ತು’ ಅಂದ.

ಗಾಲಿ ತಿರುಗಿತು. ಟಕ್. ಟಕ್ ಟಕ್.
ಸಂದಿಯಲ್ಲಿ ಎಣ್ಣೆಯ ಹನಿಯೂ ಇಲ್ಲ.
ಸದ್ದು ತಿರುವಿನಾಚೆ ಸಣ್ಣಗಾಗುವವರೆಗೂ
ಚಹಾ ಹಿಡಿದುಕೊಂಡೇ ನಿಂತಿದ್ದೆ, ಕೊಡುವುದು ಮರೆತು.

ಆ ವರ್ಷಕ್ಕೆ ಮಾತು ಅಷ್ಟೇ.
ರಾತ್ರಿ ಊಟಕ್ಕೆ ಮತ್ತೆ, ‘ನಿನ್ನ ಭಾವನಿಗೆ ಉಪ್ಪು ಕೊಡು.’
ಟೋಪಿ ಪೀಪಾಯಿಯ ಮೇಲೇ ಇದೆ.
ಪೆಟ್ಟಿಗೆಯ ಮುಚ್ಚಳ ಒದ್ದೆ ತಾಗದಂತೆ ಎತ್ತಿಟ್ಟಿದ್ದೇನೆ,
ಇನ್ನೂ ಎರಡು ಗ್ಯಾಸ್ಕೆಟ್ಟಿಗೆ ಆಗುತ್ತದೆ.