ಹಳದಿ ವ್ಯಾನು, ವಾಟೆಹೊಳೆ

ಮೇ ತಿಂಗಳ ಶನಿವಾರ, ಸ್ಪ್ಯಾನರು ಹಿಡಿದು
ಹದಿನಾಲ್ಕು ಸೀಟುಗಳನ್ನೂ ಬಿಚ್ಚಿ
ಅಂಗಳಕ್ಕೆ ಇಳಿಸಿದರು ಇವರು,
ಹಲ್ಲು ಕೀಳುವ ಡಾಕ್ಟರ ಹಾಗೆ, ನಡುನಡುವೆ
"ಇನ್ನೊಂದೇ, ಇನ್ನೊಂದೇ" ಎಂದು ವ್ಯಾನಿನ ಬೆನ್ನು ತಟ್ಟುತ್ತ.

ಸೀಟಿನಡಿ ಅರ್ಧ ರಬ್ಬರು, ಒಂಟಿ ಸಾಕ್ಸು,
ಮೆತ್ತಗಾದ ಬಿಸ್ಕತ್ತು,
ಮತ್ತೆ, ನಂಬುತ್ತೀರೋ ಇಲ್ಲವೋ, ನಿಜವಾದ ಒಂದು ಹಲ್ಲು.
ಎರಡು ಗೆರೆ ಕಾಪಿಯ ಹಾಳೆಯಲ್ಲಿ ಸುತ್ತಿದ ಹಾಲುಹಲ್ಲು.
ಯಾವ ಮಗುವಿನದೋ.
ಜೂನಿನಲ್ಲಿ ಕೇಳಿದರೆ ಕೊಡಬೇಕು ಎಂದು
ಸ್ಟೇರಿಂಗಿನ ಪಕ್ಕದ ಗೂಡಿನಲ್ಲಿಟ್ಟರು.

ಕೌದಿ ಹಾಸಿದೆವು. ನನ್ನ ಹಳೇ ವಾಯಿಲ್ ಸೀರೆ
ಕಿಟಕಿಗೆ ನಾಲ್ಕು ಪರದೆಯಾಯಿತು.
"ಮನೆ ಇದ್ದೂ ಗಾಡೀಲಿ ಮಲಗಕ್ಕೆ
ಸರ್ಕಸ್ಸಿನೋರೇನ್ಲಾ ನಾವು, ನಿಂಗರಾಜ?"
ಎಂದ ಅತ್ತೆಯೇ ಎಲ್ಲರಿಗಿಂತ ಮೊದಲು ಹತ್ತಿ
ಎಲೆಅಡಿಕೆ ಚೀಲ ಮಡಿಲಲ್ಲಿಟ್ಟು
ಗಾಳಿ ಬರುವ ಕಡೆ ಕೂತರು.

ಆಲೂರು ದಾಟಿ, ಶುಂಠಿ ಹೊಲ ದಾಟಿ,
ಹಿನ್ನೀರಿನ ದಂಡೆ.
ನೀರು ಇಳಿದಿತ್ತು.
ಇಳಿಯುತ್ತ ಇಳಿಯುತ್ತ ತನ್ನ ಎತ್ತರವನ್ನು
ಕೆಮ್ಮಣ್ಣಿನಲ್ಲಿ ಗೆರೆಗೆರೆಯಾಗಿ ಬಿಟ್ಟು ಹೋಗಿತ್ತು,
ನಾವು ಗೋಡೆಗೆ ಮಕ್ಕಳನ್ನು ಒರಗಿಸಿ
ಪೆನ್ಸಿಲಿನಲ್ಲಿ ಗುರುತು ಹಾಕಿದ ಹಾಗೆ.
ತಿರುವುಮುರುವು, ಅಷ್ಟೆ.
'ಇಲ್ಲಿ ಈಜಬಾರದು' ಬೋರ್ಡಿನ ಮೇಲೆ
ಯಾರದೋ ಒದ್ದೆ ಟವೆಲು ಒಣಗುತ್ತಿತ್ತು.

ತೆಪ್ಪದ ಹುಡುಗ ತಕ್ಕಡಿಯಿಲ್ಲದೆ
ಒಂದು ಕಾಟ್ಲಾ ಕೊಟ್ಟ. ದುಡ್ಡು ಬೇಡವಂತೆ,
ಮೊಬೈಲು ಒಂದು ಗಂಟೆ ಚಾರ್ಜಿಗೆ ಹಾಕಿದರೆ ಸಾಕಂತೆ.
ಹುಣಸೆಹುಳಿ ತಂದಿದ್ದೆ, ಉಪ್ಪು ಮರೆತಿದ್ದೆ.
ಉಪ್ಪೂ ಅವನೇ ಕೊಟ್ಟ.

ಕತ್ತಲಾಯಿತು. ನೀರಿನ ಆಚೆ ಯಾವುದೋ ಊರಿನ
ಮೂರು ದೀಪ.
ಸಣ್ಣವನು ನನ್ನ ತೋಳಿನ ಮೇಲೆ ಉರುಳಿದ.
ಲೇಖನಾಗೆ ಮಾತ್ರ ಕಣ್ಣು ಮುಚ್ಚಲೊಲ್ಲದು.

ಅವಳದು ಸರ್ಕಾರಿ ಶಾಲೆ, ನಡೆದು ಹೋಗುತ್ತಾಳೆ.
ದಿನಾ ಒಂಬತ್ತು ಗಂಟೆಗೆ ಇದೇ ವ್ಯಾನು
ಕಾನ್ವೆಂಟಿನ ಮಕ್ಕಳನ್ನು ತುಂಬಿಕೊಂಡು ಅವಳನ್ನು ದಾಟುತ್ತದೆ.
ಇವರು ಒಂದು ಸಲ, ಚಿಕ್ಕದಾಗಿ, ಹಾರನ್ನು ಒತ್ತುತ್ತಾರೆ.
ಅವಳು ತಲೆ ಎತ್ತುವುದಿಲ್ಲ.

"ಅಪ್ಪಾ, ಈಗ ನಾನು ಮಲಗಿರೋದು ಯಾರ ಸೀಟು?"

ಇವರು ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ ಹಾಜರಿ ಕೂಗುವ ಮೇಷ್ಟರ ಹಾಗೆ,
"ತಲೆ ಇರೋದು ಪ್ರಣತಿ ಸೀಟು.
ಸೊಂಟ ಝಾಯೆದ್‌ದು. ಪಾದ ಸಾತ್ವಿಕನದು."
"ಅದರ ಮುಂದಿನದು?"
"ಅದು ಆದ್ಯಂದು."
ಅವಳು ಬೆರಳ ತುದಿಯವರೆಗೆ ಮೈ ಸೆಟೆಸಿ,
ಕಾಲು ಚಾಚಿ, ಆದ್ಯಳ ಸೀಟನ್ನೂ ಹಿಡಿದಳು.
ಆಮೇಲೆ ನಿದ್ದೆ.

ಬೆಳಿಗ್ಗೆ ಟಣ್ ಎಂಬ ಸದ್ದಿಗೆ ಎದ್ದೆವು.
ದಂಡೆಯಲ್ಲಿ ಮೇಯುತ್ತಿದ್ದ ದನದ ಸಗಣಿ ಹುಡುಕಿ,
ಉಂಡೆಯೊಳಗೆ ಹಲ್ಲಿಟ್ಟು, ಬೆಣಚುಕಲ್ಲೂ ಒತ್ತಿ,
ಅತ್ತೆ ವ್ಯಾನಿನ ನೆತ್ತಿಗೆ ಎಸೆದಿದ್ದರು.
"ಹಲ್ಲು ಬಿದ್ದರೆ ಮನೆ ಮೇಲಕ್ಕೆ ಎಸೀಬೇಕು ಕಣವ್ವ,
ಯಾರ ಮಗೀದಾದ್ರೇನು."

ಇವರು ಬಾಯಿ ತೆರೆದವರು ಮುಚ್ಚಿದರು.
ಜೂನಿನಲ್ಲಿ ಯಾರೂ ಕೇಳಲಿಲ್ಲ.

ಸೋಮವಾರ ಸೀಟುಗಳನ್ನು ಮತ್ತೆ ಕೂರಿಸುವಾಗ
ಒಂದು ನಟ್ಟು ಕಡಿಮೆ ಬಿತ್ತು.
ಕೌದಿ ಕೊಡವಿದರು, ಅಂಗಳ ಗುಡಿಸಿದರು,
ವಾಟೆಹೊಳೆಗೇ ಬಿದ್ದಿರಬೇಕು ಎಂದುಕೊಂಡು
ಗುಜರಿ ಅಂಗಡಿಯಿಂದ ಬೇರೆಯದು ತಂದು ತಿರುಗಿಸಿದರು.
ಅದು ಪೂರಾ ಕೂರಲಿಲ್ಲ.
ತಿರುವಿನಲ್ಲಿ ಆ ಸೀಟು ಕಿರ್ ಎನ್ನುತ್ತದಂತೆ,
ಮಕ್ಕಳಿಗೆ ಈಗ ಆ ಸೀಟಿಗೇ ಜಗಳವಂತೆ.

ಆ ನಟ್ಟು ಲೇಖನಾಳ ಕಂಪಾಸು ಪೆಟ್ಟಿಗೆಯಲ್ಲಿದೆ,
ಕೋನಮಾಪಕದ ಅಡಿಯಲ್ಲಿ.
ನೋಡಿದ್ದೇನೆ.
ಇವರಿಗೆ ಹೇಳಿಲ್ಲ.